ಪ್ಯಾಚ್ ಕಳಿಸಿ ಮೂರು ವಾರವಾಯಿತು, ಉತ್ತರವಿಲ್ಲ. ಏನು ಮಾಡಲಿ?

ಪ್ರಶ್ನೆ: ನಾನು ಹಾಸನದಲ್ಲಿ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ದಿನವೂ ಬಳಸುವ ಒಂದು ಮುಕ್ತ ತಂತ್ರಾಂಶದಲ್ಲಿ ಕಂಡ ದೋಷವನ್ನು ನಾನೇ ಸರಿಪಡಿಸಿ, ಆ ತಿದ್ದುಪಡಿಯ ಕಡತವನ್ನು, ಅಂದರೆ ಪ್ಯಾಚನ್ನು, ಕಳಿಸಿ ಮೂರು ವಾರವಾಯಿತು. ತೆಗೆದುಕೊಂಡೆವು ಎಂದಾಗಲಿ, ಬೇಡ ಎಂದಾಗಲಿ ಒಂದು ಮಾತೂ ಬಂದಿಲ್ಲ. ನನ್ನ ಕೋಡ್ ಅಷ್ಟು ಕೆಟ್ಟದಾಗಿದೆಯೇ? ಮತ್ತೆ ಕೇಳಿದರೆ ತಪ್ಪಾದೀತೇ?

ಉತ್ತರ: ಕೇಳಿದರೆ ಖಂಡಿತ ತಪ್ಪಿಲ್ಲ. ಹೇಗೆ ಕೇಳಬೇಕೆಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು, ಆ ಮೌನವನ್ನು ನಿಮ್ಮ ಕೋಡಿಗೆ ಕೊಟ್ಟ ಅಂಕವೆಂದು ತಿಳಿಯಬೇಡಿ. ಅದನ್ನು ಇನ್ನೂ ಯಾರೂ ಓದಿಯೇ ಇಲ್ಲದಿರುವ ಸಂಭವವೇ ಹೆಚ್ಚು. ಸ್ವಯಂಸೇವಕರು ನಡೆಸುವ ಯೋಜನೆಯೆಂದರೆ, ಹಗಲೆಲ್ಲ ಬೇರೊಂದು ನೌಕರಿ ಮಾಡಿ ಬಂದು, ಮನೆಯ ಕೆಲಸ ಮುಗಿಸಿ, ರಾತ್ರಿ ಉಳಿಯುವ ಮುಕ್ಕಾಲು ಗಂಟೆಯನ್ನು ಸಂಬಳವಿಲ್ಲದೆ ಇದಕ್ಕೆ ಕೊಡುವ, ತಂತ್ರಾಂಶವನ್ನು ನೋಡಿಕೊಳ್ಳುವ ಒಬ್ಬರೋ ಇಬ್ಬರೋ ಮೇಂಟೇನರ್‌ಗಳು ಎಂದರ್ಥ. ಆ ಮುಕ್ಕಾಲು ಗಂಟೆಯಲ್ಲಿ ಅವರು ಮೊದಲು ತೆರೆಯುವುದು, ಮಲಗುವ ಮುಂಚೆ ಓದಿ ಮುಗಿಸಬಹುದು ಎಂದು ನೋಡಿದೊಡನೆ ಅನ್ನಿಸುವ ಪ್ಯಾಚನ್ನೇ. ಉಳಿದವು ನಾಳೆಗೆ ಹೋಗುತ್ತವೆ, ನಾಳೆ ಇನ್ನಷ್ಟು ಬಂದು ಸೇರುತ್ತವೆ.

ಇದು ನನಗೆ ತಿಳಿದದ್ದು ಐದು ವಾರ ಕಾದ ಮೇಲೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ನಮ್ಮ ಮನೆಯ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಲು ನಾನು ಆರಿಸಿಕೊಂಡಿದ್ದು ಹವಾಮಾನದ ದಾಖಲೆ ಇಡುವ ಒಂದು ಪುಟ್ಟ ಮುಕ್ತ ತಂತ್ರಾಂಶವನ್ನು. ಇಂಚಿನಲ್ಲಿ ನಮೂದಿಸಲು ಅದು ಬಿಡುತ್ತಿತ್ತು, ಆದರೆ ಒಳಗೆ ಪೂರ್ಣ ಮಿಲಿಮೀಟರುಗಳಲ್ಲಿ ಮಾತ್ರ ಉಳಿಸಿಕೊಳ್ಳುತ್ತಿತ್ತು. ಮಾರ್ಚಿನ ಹೂಮಳೆ 40 ಸೆಂಟ್ಸ್ ಎಂದು ಬರೆದರೆ ಅದು 10.16 ಮಿಲಿಮೀಟರ್ ಆಗಿ, ಕತ್ತರಿಸಿ 10 ಆಗಿ, ಮರುದಿನ ತೆರೆದಾಗ 39 ಸೆಂಟ್ಸ್ ಎಂದು ಕಾಣುತ್ತಿತ್ತು. "ನನ್ನ ಒಂದು ಸೆಂಟ್ ಎಲ್ಲಿ ಹೋಯಿತು?" ಎಂದು ಅಪ್ಪ ಕೇಳಿದರು. ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಉಳಿಸಿಕೊಂಡರೆ ಸಾಕು, ಸೆಂಟ್ಸ್ ಲೆಕ್ಕ ಎಲ್ಲಿಯೂ ತಪ್ಪುವುದಿಲ್ಲ. ತಿದ್ದಬೇಕಾದದ್ದು ಒಟ್ಟು ಹನ್ನೊಂದು ಸಾಲು.

ನಾನು ಕಳಿಸಿದ ಪ್ಯಾಚ್ ಮಾತ್ರ ಸಾವಿರದ ನಾನೂರು ಸಾಲುಗಳಷ್ಟಿತ್ತು. ನನ್ನ ಎಡಿಟರ್ ಕಡತವನ್ನು ಸೇವ್ ಮಾಡುವಾಗ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿಬಿಟ್ಟಿತ್ತು. ಅದು ಸಾಲದೆಂಬಂತೆ, ಕಣ್ಣಿಗೆ ಹಿಡಿಸದ ನಾಲ್ಕೈದು ವೇರಿಯಬಲ್‌ಗಳ ಹೆಸರನ್ನು ನಾನು ಬದಲಿಸಿದ್ದೆ, ಇಂಚು ಮತ್ತು ಸೆಂಟ್ಸ್ ಬೇರೆ ಬೇರೆಯಾಗಿ ಕಾಣುವಂತೆ ಪರದೆಯನ್ನೂ ತಿದ್ದಿದ್ದೆ. ಪ್ಯಾಚ್ ಎಂಬ ರೂಪ ಹುಟ್ಟಿಕೊಂಡಿರುವುದೇ ಓದುವವರ ಕಣ್ಣು ಬದಲಾದ ಜಾಗಕ್ಕೆ ಮಾತ್ರ ಹೋಗಲಿ ಎಂದು. ಎರಡು ಕಡತಗಳ ವ್ಯತ್ಯಾಸ ತೋರಿಸುವ ಡಿಫ್ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬಂತು, ಆ ವ್ಯತ್ಯಾಸವನ್ನು ಇನ್ನೊಬ್ಬರ ಕಡತಕ್ಕೆ ಅಂಟಿಸುವ ಪ್ಯಾಚ್ ಎಂಬ ಪ್ರೋಗ್ರಾಮನ್ನು ಲ್ಯಾರಿ ವಾಲ್ 1985ರಲ್ಲಿ ಹಂಚಿದರು. ತೆಗೆದ ಸಾಲಿಗೆ ಮೈನಸ್, ಸೇರಿಸಿದ ಸಾಲಿಗೆ ಪ್ಲಸ್, ಗುರುತಿಗೆಂದು ಹಿಂದೆ ಮುಂದೆ ಮೂರು ಮೂರು ಸಾಲು. ಟ್ಯಾಬ್ ಹೋಗಿ ಸ್ಪೇಸ್ ಬಂದ ಕಡತದಲ್ಲಿ ಟ್ಯಾಬ್ ಇದ್ದ ಪ್ರತಿ ಸಾಲಿಗೂ ಒಂದು ಮೈನಸ್, ಒಂದು ಪ್ಲಸ್ ಬೀಳುತ್ತದೆ, ನಿಜವಾದ ಹನ್ನೊಂದು ಸಾಲು ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ. ನನ್ನ ಪ್ಯಾಚನ್ನು ನಾನೇ ತೆರೆದು ಓದಲು ಕುಳಿತು ಎರಡನೆಯ ಪುಟಕ್ಕೆ ಬೇಸತ್ತೆ.

ಆದ್ದರಿಂದ ನಿಮ್ಮ ಪ್ಯಾಚನ್ನು ಈಗ ಬೇರೆಯವರದೆಂಬಂತೆ ಓದಿ. ಒಂದು ಪ್ಯಾಚಿನಲ್ಲಿ ಒಂದೇ ಕೆಲಸವಿರಬೇಕು. ನಾನು ಎರಡನೆಯ ಸಲ ಅದನ್ನು ಎರಡಾಗಿ ಒಡೆದೆ: ಅಳತೆಯನ್ನು ಉಳಿಸುವ ಕ್ರಮದ ತಿದ್ದುಪಡಿ ಒಂದು, ತೋರಿಸುವ ಕ್ರಮದ್ದು ಇನ್ನೊಂದು. ಹೆಸರು ಬದಲಾವಣೆಯನ್ನು ಕೈಬಿಟ್ಟೆ, ಅದು ನನ್ನ ರುಚಿಯೇ ಹೊರತು ದೋಷವಾಗಿರಲಿಲ್ಲ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬಳಸುತ್ತಿದ್ದರೆ ಆಡ್ ಆಜ್ಞೆಗೆ ಪಿ ಎಂಬ ಆಯ್ಕೆ ಸೇರಿಸಿದರೆ ಬದಲಾವಣೆಗಳನ್ನು ತುಂಡು ತುಂಡಾಗಿ ತೋರಿಸಿ ಇದು ಬೇಕೇ ಬೇಡವೇ ಎಂದು ಕೇಳುತ್ತದೆ. ಕಾಫಿ ಕ್ಯೂರಿಂಗ್‌ನಲ್ಲಿ ಕಪ್ಪು ಬೀಜ ಆಯ್ದು ತೆಗೆಯುವಷ್ಟೇ ನಿಧಾನದ ಕೆಲಸವಿದು, ಆದರೆ ಇದನ್ನು ನೀವು ಮಾಡದಿದ್ದರೆ ಮೇಂಟೇನರ್ ಮಾಡಬೇಕಾಗುತ್ತದೆ.

ಕೋಡಿಗಿಂತಲೂ ಹೆಚ್ಚು ಅಸಡ್ಡೆಗೆ ಗುರಿಯಾಗುವುದು ಪ್ಯಾಚಿನ ಜೊತೆಗಿನ ವಿವರಣೆ. "ದೋಷ ಸರಿಪಡಿಸಲಾಗಿದೆ" ಎಂದಷ್ಟೇ ನಾನು ಬರೆದಿದ್ದೆ. ಯಾವ ದೋಷ, ಯಾರಿಗೆ ತೊಂದರೆ, ಎಂದಿನಿಂದ? ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಪ್ಯಾಚ್ ಕಳಿಸುವವರಿಗಾಗಿ ಅದರ ದಾಖಲೆಗಳಲ್ಲೇ ಇರುವ ಮಾರ್ಗದರ್ಶಿ ಮೊದಲು ಸಮಸ್ಯೆಯನ್ನು ಹೇಳಿ ಎನ್ನುತ್ತದೆ. ಆಮೇಲೆ ಬದಲಾವಣೆಯನ್ನು, ಕೋಡಿಗೇ ಆಜ್ಞೆ ಕೊಡುವ ಧಾಟಿಯಲ್ಲಿ, "ಹೀಗೆ ಮಾಡು" ಎಂಬಂತೆ ಬರೆಯಲು ಹೇಳುತ್ತದೆ. ಬೇರೆ ಯೋಜನೆಗೆ ಕಳಿಸುವವರೂ ಆ ಮಾರ್ಗದರ್ಶಿಯನ್ನು ಒಮ್ಮೆ ಓದುವುದು ಒಳ್ಳೆಯದು. ನನ್ನ ಹೊಸ ವಿವರಣೆಯ ಶೀರ್ಷಿಕೆ ಕನ್ನಡದಲ್ಲಿ ಹೇಳುವುದಾದರೆ, "ಮಳೆಯ ಅಳತೆಯನ್ನು ಮಿಲಿಮೀಟರಿನ ಹತ್ತನೆಯ ಭಾಗದವರೆಗೆ ಉಳಿಸು" ಎಂದಿತ್ತು. ಕೆಳಗೆ, 0.40 ಇಂಚು ಬರೆದು, ಮುಚ್ಚಿ, ತೆರೆದರೆ 0.39 ಕಾಣುತ್ತದೆ ಎಂಬ ಮೂರು ಹೆಜ್ಜೆ ಮತ್ತು ಅದರ ಕಾರಣ. ಓದುವವರು ತಮ್ಮ ಯಂತ್ರದಲ್ಲೇ ಅರ್ಧ ನಿಮಿಷದಲ್ಲಿ ಮಾಡಿ ನೋಡಬಹುದು. ನಂಬಿ ಎಂದು ಕೇಳುವ ಅಗತ್ಯವೇ ಉಳಿಯಲಿಲ್ಲ.

ಕೆಲವು ಯೋಜನೆಗಳು ವಿವರಣೆಯ ಕೊನೆಯಲ್ಲಿ ನಿಮ್ಮ ಹೆಸರು ಮತ್ತು ಇಮೇಲ್ ಇರುವ ಸೈನ್ಡ್ ಆಫ್ ಬೈ ಎಂಬ ಸಾಲನ್ನು ಕೇಳುತ್ತವೆ. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು, ಲಿನಕ್ಸ್‌ನಲ್ಲಿ 2004ರಲ್ಲಿ ಆರಂಭವಾಯಿತು. ನೀವೀಗ ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದರೆ, ಅಲ್ಲಿ ಬರೆದ ಕೋಡ್ ನಿಮ್ಮದೇ ಎಂಬುದನ್ನು ಒಪ್ಪಂದದಲ್ಲಿ ನೋಡಿಕೊಂಡ ಮೇಲೆಯೇ ಆ ಸಾಲು ಹಾಕಿ. ಎಐ ಬರೆದುಕೊಟ್ಟ ಕೋಡಿನ ಬಗ್ಗೆ ಒಂದೊಂದು ಯೋಜನೆಯ ನಿಯಮ ಒಂದೊಂದು ಥರ ಇದೆ. ಅದೇನೇ ಇರಲಿ, ಒಂದು ಸಾಲು ಏಕೆ ಅಲ್ಲಿದೆ ಎಂದು ಕೇಳಿದರೆ ಹೇಳಲಾಗದವರು ಕಳಿಸಬಾರದು.

ವಿದ್ಯಾರ್ಥಿಗಳಿಗೆ ತುಸು ಕಹಿಯಾದ ಒಂದು ಮಾತನ್ನೂ ಹೇಳಬೇಕು. 2020ರ ಅಕ್ಟೋಬರ್‌ನಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನ ಹೊತ್ತಿನಲ್ಲಿ, ರೀಡ್‌ಮಿ ಕಡತಕ್ಕೆ ಒಂದೆರಡು ಪದ ಸೇರಿಸಿದ ಅರ್ಥವಿಲ್ಲದ ಕೋರಿಕೆಗಳು ಎಷ್ಟು ಬಂದವೆಂದರೆ, ಭಾಗವಹಿಸಲು ಒಪ್ಪಿದ ಯೋಜನೆಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ ಎಂದು ಸಂಘಟಕರು ತಿಂಗಳ ಮೊದಲ ದಿನಗಳಲ್ಲೇ ನಿಯಮ ಬದಲಿಸಬೇಕಾಯಿತು. ಹೊಸ ಹೆಸರಿನಿಂದ ಬಂದ ಪ್ಯಾಚನ್ನು ಮೇಂಟೇನರ್‌ಗಳು ಅನುಮಾನದಿಂದ ನೋಡಲು ಇಂಥ ಕಾರಣಗಳಿವೆ. ನಿಮ್ಮ ವಿವರಣೆಯ ಮೊದಲ ಎರಡು ವಾಕ್ಯ ಆ ಅನುಮಾನವನ್ನು ಕಳೆಯಬೇಕು.

ಇನ್ನು ಮತ್ತೆ ಕೇಳುವ ವಿಷಯ. ಕರ್ನಲ್‌ನ ಮಾರ್ಗದರ್ಶಿ ಕನಿಷ್ಠ ಒಂದು ವಾರ, ಕೆಲಸ ಹೆಚ್ಚಿರುವ ದಿನಗಳಲ್ಲಿ ಇನ್ನೂ ಹೆಚ್ಚು ಕಾಯಲು ಹೇಳುತ್ತದೆ. ಆ ಲೆಕ್ಕದಲ್ಲಿ ನೀವು ಕಾದದ್ದು ಸಾಕು. ಹಳೆಯ ಸಂದೇಶಕ್ಕೇ ಉತ್ತರವಾಗಿ, ಎರಡು ವಾಕ್ಯದಲ್ಲಿ, ಇತ್ತೀಚಿನ ಆವೃತ್ತಿಯ ಮೇಲೆ ಪ್ಯಾಚ್ ಈಗಲೂ ಸರಿಯಾಗಿ ಕೂರುತ್ತದೆ, ಪರೀಕ್ಷೆಗಳು ಪಾಸಾಗುತ್ತವೆ ಎಂದು ಪರೀಕ್ಷಿಸಿ ಬರೆಯಿರಿ. ಪ್ಯಾಚನ್ನು ಒಡೆದೋ ತಿದ್ದಿಯೋ ಕಳಿಸುವುದಾದರೆ ಎರಡನೆಯ ಆವೃತ್ತಿ ಎಂದು ಗುರುತು ಹಾಕಿ, ಮೊದಲಿನದಕ್ಕಿಂತ ಏನು ಬದಲಾಗಿದೆ ಎಂದು ತಿಳಿಸಿ. "ಏಕೆ ಇಷ್ಟು ತಡ?" ಎಂಬ ಧ್ವನಿ ಮಾತ್ರ ಬೇಡ. ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದಾಗ, 2022ರಲ್ಲಿ ಕೆಲವು ಅಪರಿಚಿತ ಹೆಸರುಗಳು ಅವರ ಮೇಲೆ ಇಂಥದೇ ಧ್ವನಿಯಲ್ಲಿ ಒತ್ತಡ ಹಾಕಿದವು. ಜವಾಬ್ದಾರಿ ಹಂಚಿಕೊಳ್ಳಲು ಬಂದ ಹೊಸಬನ ಹೆಸರಿನಲ್ಲಿ ಅದರೊಳಗೆ, ಕದ್ದು ಒಳನುಗ್ಗಲು ದಾರಿ ಮಾಡುವ ಹಿಂಬಾಗಿಲು ಸೇರಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಅಂದಿನಿಂದ ಅವಸರಪಡಿಸುವವರನ್ನು ಕಂಡರೆ ಹಲವರು ಬೆಚ್ಚುತ್ತಾರೆ.

ಕಾಯುವಾಗ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಮಲೆನಾಡಿನಲ್ಲಿ ನಾಟಿಗೆ ಮುಯ್ಯಾಳು ಹೋಗುವ, ಅಂದರೆ ಕೂಲಿಯ ಬದಲು ಒಬ್ಬರ ಗದ್ದೆಯಲ್ಲಿ ಇನ್ನೊಬ್ಬರು ಸರದಿಯಂತೆ ದುಡಿಯುವ ಕ್ರಮವಿದೆಯಲ್ಲ, ಹಾಗೆ ಸಾಲಿನಲ್ಲಿ ನಿಮಗಿಂತ ಮುಂದಿರುವ ಬೇರೆಯವರ ಪ್ಯಾಚನ್ನು ನಿಮ್ಮ ಯಂತ್ರದಲ್ಲಿ ಓಡಿಸಿ ನೋಡಿ ಏನಾಯಿತೆಂದು ಬರೆಯಿರಿ. ನಾನು ಹಾಗೆ ಎರಡು ಪ್ಯಾಚ್ ಪರೀಕ್ಷಿಸಿದೆ. ನನ್ನದನ್ನು ಎರಡಾಗಿ ಒಡೆದು ಕಳಿಸಿದ ನಾಲ್ಕನೆಯ ದಿನ ಉತ್ತರ ಬಂತು.

ಅಳತೆ ಉಳಿಸುವ ಪ್ಯಾಚನ್ನು ಸ್ವೀಕರಿಸಿದರು. ಇಂಚು ಮತ್ತು ಸೆಂಟ್ಸ್ ಬೇರೆಯಾಗಿ ತೋರಿಸುವುದನ್ನು, ತೋಟದವರನ್ನು ಬಿಟ್ಟು ಬೇರೆಯವರಿಗೆ ಇದು ಗೊಂದಲ ಎಂದು ಬೇಡವೆಂದರು. ಅವರು ಹೇಳಿದ್ದು ಸರಿಯೇ. ಮುಕ್ತ ಲೈಸೆನ್ಸ್ ಇರುವುದರಿಂದ ಆ ಪ್ಯಾಚನ್ನು ನನ್ನ ಪ್ರತಿಯಲ್ಲಿ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಮತ್ತೆ ಕೂರಿಸಿಕೊಳ್ಳುತ್ತೇನೆ, ಹತ್ತು ನಿಮಿಷ ಹಿಡಿಯುತ್ತದೆ. ಅಪ್ಪನ 40 ಸೆಂಟ್ಸ್ ಈಗ 40 ಆಗಿಯೇ ಇದೆ.