ದೊಡ್ಡಪ್ಪನ ಮಳೆ ಲೆಕ್ಕ ಮತ್ತು ಎರಡು ಅಡ್ಡಗೆರೆ

ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆ ಒಂದು ಹನಿ ಮಳೆಯೂ ಬಿದ್ದಿಲ್ಲ. ಹಾಗಂತ ನಾನು ಬರೆದ ಪ್ರೋಗ್ರಾಂ ಹೇಳಿತು.

ದೊಡ್ಡಪ್ಪ ಅಡಿಕೆ ತೋಟದ ಅಂಚಿನಲ್ಲಿ ಮಳೆಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆಯ ಮಳೆ ಲೆಕ್ಕದ ದಿನ ಮುಗಿಯುವುದೂ ಎಂಟೂವರೆಗೇ. ಅವರ ಮಗಳು ಆ ಪುಸ್ತಕವನ್ನೆಲ್ಲ ಕೂತು ಒಂದು ಫೈಲಿಗೆ ಇಳಿಸಿದಳು. ಮೊತ್ತ ಕೂಡಲು ನಾನು ಪೈಥಾನ್ ಭಾಷೆಯಲ್ಲಿ ಮೂವತ್ತು ಸಾಲಿನ ಪ್ರೋಗ್ರಾಂ ಬರೆದು, ಅದಕ್ಕೆ 'ಮಳೆ' ಅಂತಲೇ ಹೆಸರಿಟ್ಟು ಕಳಿಸಿದೆ. ಒತ್ತಲು ಬಟನ್ ಇಲ್ಲ, ಮೆನು ಇಲ್ಲ. ಟರ್ಮಿನಲ್, ಅಂದರೆ ಕಂಪ್ಯೂಟರ್‌ಗೆ ಆದೇಶಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ, ತೆರೆದು ಪ್ರೋಗ್ರಾಂನ ಹೆಸರು, ವರ್ಷ, ತಿಂಗಳು ಟೈಪ್ ಮಾಡಿದರೆ ಸಾಕು.

ಅವಳು ಹೀಗೆ ಟೈಪ್ ಮಾಡಿದಳು:

ಮಳೆ 7 2023

"ಅಣ್ಣಾ, ಜುಲೈ ಮಳೆ ಸೊನ್ನೆ ಅಂತ ಬರ್ತಿದೆ. ಅಪ್ಪ ನಗ್ತಿದಾರೆ" ಎಂದು ಫೋನ್ ಬಂತು.

ನಾನು ವರ್ಷ ಮೊದಲು, ತಿಂಗಳು ಆಮೇಲೆ ಅಂದುಕೊಂಡು ಬರೆದಿದ್ದೆ. ಅವಳು ನಾವೆಲ್ಲ ಹೇಳುವ ಹಾಗೆ ತಿಂಗಳು ಮೊದಲು ಕೊಟ್ಟಳು. ಪ್ರೋಗ್ರಾಂ 7ನೇ ಇಸವಿಯ 2023ನೇ ತಿಂಗಳನ್ನು ಹುಡುಕಿತು, ಏನೂ ಸಿಗಲಿಲ್ಲ, ಸೊನ್ನೆ ಎಂದಿತು. ಕೆಟ್ಟು ನಿಂತಿದ್ದರೆ ಒಳ್ಳೆಯದಿತ್ತು, ಏನೋ ತಪ್ಪಾಗಿದೆ ಎಂದಾದರೂ ಗೊತ್ತಾಗುತ್ತಿತ್ತು. ತಪ್ಪು ಉತ್ತರವನ್ನು ಸರಿ ಉತ್ತರದ ಹಾಗೇ ಹೇಳುವ ಪ್ರೋಗ್ರಾಂ ಅಪಾಯದ್ದು.

ಇಲ್ಲಿ ಏನು ನಡೆಯುತ್ತದೆ ನೋಡೋಣ. ನಾವು ಟೈಪ್ ಮಾಡಿದ ಸಾಲು ನೇರವಾಗಿ ಪ್ರೋಗ್ರಾಂಗೆ ಹೋಗುವುದಿಲ್ಲ. ನಡುವೆ ಶೆಲ್ ಎಂಬ ಇನ್ನೊಂದು ಪ್ರೋಗ್ರಾಂ ಇದೆ. ಅದು ಖಾಲಿ ಜಾಗ ಇರುವಲ್ಲೆಲ್ಲ ಸಾಲನ್ನು ಕತ್ತರಿಸಿ, ಪದಗಳ ಪಟ್ಟಿ ಮಾಡಿ ಕೊಡುತ್ತದೆ. ನನ್ನ ಪ್ರೋಗ್ರಾಂ ಕೈಗೆ ಸಿಗುವುದು ಆ ಪಟ್ಟಿ ಮಾತ್ರ. ಅದರಲ್ಲಿ 7 ಎಂಬುದು ಸಂಖ್ಯೆಯೂ ಅಲ್ಲ, ಬರೀ ಒಂದು ಅಕ್ಷರ. ಅದು ತಿಂಗಳೋ, ತಾರೀಖೋ, ಮಳೆಯ ಅಳತೆಯೋ, ಎಲ್ಲೂ ಬರೆದಿರುವುದಿಲ್ಲ. ಆ ಅರ್ಥವನ್ನು ಪ್ರೋಗ್ರಾಂ ಬರೆದವರೇ ಕೊಡಬೇಕು.

ಈ ತೊಂದರೆ ಹೊಸದಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಲು ಶುರು ಮಾಡಿದ ಕಾಲದಲ್ಲಿ ಕಂಪ್ಯೂಟರ್ ಜೊತೆ ಮಾತಾಡಲು ಟೆಲಿಟೈಪ್ ಯಂತ್ರ ಬೇಕಿತ್ತು. ಮಾಡೆಲ್ 33 ಎಂಬ ಯಂತ್ರ ಸೆಕೆಂಡಿಗೆ 10 ಅಕ್ಷರ ಮಾತ್ರ ಅಚ್ಚು ಹಾಕುತ್ತಿತ್ತು. ಹಾಗಾಗಿ ಹೆಸರುಗಳು ಚಿಕ್ಕದಾದಷ್ಟೂ ಒಳ್ಳೆಯದು. ಎಲ್ಎಸ್, ಸಿಪಿ, ಎಂವಿ ಎಂಬ ಎರಡಕ್ಷರದ ಕಮಾಂಡುಗಳು ಆಗಿನವು. ಒಂದು ಅಡ್ಡಗೆರೆ ಹಾಕಿ, ಅದಾದ ಮೇಲೆ ಒಂದು ಅಕ್ಷರ ಬರೆದರೆ ಅದು ಆಪ್ಷನ್, ಅಂದರೆ ಕೆಲಸ ಹೇಗೆ ಮಾಡಬೇಕು ಎಂದು ಪ್ರೋಗ್ರಾಂಗೆ ಕೊಡುವ ಸೂಚನೆ. ಆದರೆ ಪ್ರತಿ ಪ್ರೋಗ್ರಾಂ ಅದನ್ನು ತನ್ನದೇ ರೀತಿ ಓದುತ್ತಿತ್ತು. ಸುಮಾರು 1980ರಲ್ಲಿ ಬೆಲ್ ಲ್ಯಾಬ್ಸ್‌ನ ಒಡೆಯ ಕಂಪನಿ ಎಟಿ ಆಂಡ್ ಟಿಯಲ್ಲಿ ಗೆಟ್‌ಆಪ್ಟ್ ಎಂಬ ಪುಟ್ಟ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳಬಹುದಾದ ಸಿದ್ಧ ಕೋಡು, ಬಂತು. ಪದಗಳ ಪಟ್ಟಿಯಿಂದ ಆಪ್ಷನ್‌ಗಳನ್ನು ಆರಿಸುವುದಷ್ಟೇ ಅದರ ಕೆಲಸ. 1985ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಯೂನಿಫೋರಂ ಎಂಬ ಯೂನಿಕ್ಸ್ ಬಳಕೆದಾರರ ಸಮ್ಮೇಳನದಲ್ಲಿ ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಎರಡು ಅಡ್ಡಗೆರೆ ಹಾಕಿ ಪೂರ್ತಿ ಪದ ಬರೆಯುವ ಪದ್ಧತಿಯನ್ನು ಆಮೇಲೆ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯವರು ಹರಡಿದರು.

ಪೈಥಾನ್‌ನಲ್ಲಿ ಈ ಕೆಲಸಕ್ಕೆ ಆರ್ಗ್‌ಪಾರ್ಸ್ ಇದೆ. ಸ್ಟೀವನ್ ಬೆಥಾರ್ಡ್ ಬರೆದ ಈ ಲೈಬ್ರರಿ 2010ರ ಪೈಥಾನ್ 2.7ರಿಂದ ಭಾಷೆಯ ಜೊತೆಗೇ ಬರುತ್ತದೆ. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಒಂದು: ಪದಗಳನ್ನು ಹೇಗೆ ಓದಬೇಕು ಎಂದು ನಾವು ಬರೆಯುವುದೇ ಇಲ್ಲ. ಏನೇನು ಬರಬಹುದು ಎಂದು ಹೇಳಿದರೆ ಆಯ್ತು. 'ವರ್ಷ ಎಂಬ ಆಪ್ಷನ್ ಇದೆ, ಅದು ಪೂರ್ಣಾಂಕ. ತಿಂಗಳು ಇದೆ, 1ರಿಂದ 12ರ ಒಳಗಿರಬೇಕು.' ಇಷ್ಟು ಹೇಳಿದ ಮೇಲೆ ಅವಳು ಯಾವುದನ್ನು ಮೊದಲು ಬರೆದರೂ ಒಂದೇ:

ಮಳೆ --ತಿಂಗಳು 7 --ವರ್ಷ 2023

ಹೌದು, ಆಪ್ಷನ್ ಹೆಸರು ಕನ್ನಡದಲ್ಲೇ ಇರಬಹುದು. ಆರ್ಗ್‌ಪಾರ್ಸ್‌ಗೆ ಅದರಿಂದ ತೊಂದರೆ ಇಲ್ಲ.

ದೊಡ್ಡಪ್ಪನಿಗೆ ಜುಲೈ ಬೇಕಾಗಿರಲಿಲ್ಲ. "ಪುನರ್ವಸು ಎಷ್ಟು ಸುರಿಯಿತು, ಪುಷ್ಯ ಎಷ್ಟು ಸುರಿಯಿತು, ಅದು ಹೇಳು" ಎಂದರು. ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರು. ಒಂದೊಂದು ಹದಿಮೂರು ಹದಿನಾಲ್ಕು ದಿನ. ಸರಿ, ನಕ್ಷತ್ರ ಎಂಬ ಆಪ್ಷನ್ ಸೇರಿಸಿ, ಇರುವ ಹೆಸರುಗಳ ಪಟ್ಟಿ ಕೊಟ್ಟೆ. ಮೊದಲ ದಿನವೇ ತಂಗಿ 'ಆರ್ದ್ರಾ' ಎಂದು ಟೈಪ್ ಮಾಡಿದಳು. ನನ್ನ ಪಟ್ಟಿಯಲ್ಲಿ ಇದ್ದದ್ದು 'ಆರಿದ್ರಾ'. ಈ ಸಲ ಸೊನ್ನೆ ಬರಲಿಲ್ಲ. ಈ ಹೆಸರು ಸಲ್ಲುವುದಿಲ್ಲ, ಇವುಗಳಲ್ಲಿ ಒಂದನ್ನು ಆರಿಸಿ ಎಂದು ಪಟ್ಟಿಯೇ ಪರದೆಗೆ ಬಂತು. ಅವಳು ನನಗೆ ಫೋನ್ ಮಾಡಬೇಕಾಗಲಿಲ್ಲ. ಹೆಲ್ಪ್ ಎಂಬ ಆಪ್ಷನ್ ಕೊಟ್ಟರೆ ಬರುವ ವಿವರವೂ ಅದೇ ಮಾತುಗಳಿಂದ ತಾನಾಗಿ ತಯಾರಾಗುತ್ತದೆ. ನಾನು ಹೇಳಿದ್ದು ಒಂದೇ ಸಲ.

ಆ ತಪ್ಪಿನ ಸಂದೇಶ ಹೋಗುವ ದಾರಿಯೂ ಬೇರೆ. ಉತ್ತರಕ್ಕೆ ಒಂದು ಕಾಲುವೆ, ದೂರಿಗೆ ಇನ್ನೊಂದು. ಯೂನಿಕ್ಸ್‌ನಲ್ಲಿ ಒಂದು ಪ್ರೋಗ್ರಾಂನ ಉತ್ತರವನ್ನು ಇನ್ನೊಂದಕ್ಕೆ ಹರಿಸಬಹುದು. ದೂರೂ ಅದರಲ್ಲೇ ಹರಿದರೆ ಮುಂದಿನ ಪ್ರೋಗ್ರಾಂ ಅದನ್ನೂ ಮಳೆ ಲೆಕ್ಕ ಎಂದುಕೊಂಡುಬಿಡುತ್ತದೆ. ಜೊತೆಗೆ ಆರ್ಗ್‌ಪಾರ್ಸ್ 2 ಎಂಬ ಸಂಖ್ಯೆಯನ್ನು ಬಿಟ್ಟು ಹೊರಡುತ್ತದೆ. ಸೊನ್ನೆ ಎಂದರೆ ಎಲ್ಲ ಸರಿ, ಬೇರೆ ಏನೇ ಇದ್ದರೂ ಕೆಲಸ ಆಗಿಲ್ಲ ಎಂದರ್ಥ. ಇವೆಲ್ಲ ಹಳೆಯ ಕಟ್ಟುಪಾಡುಗಳು. ನನಗೆ ಇದರಲ್ಲಿ ಅರ್ಧ ಗೊತ್ತೇ ಇರಲಿಲ್ಲ, ಆದರೂ ನನ್ನ ಪ್ರೋಗ್ರಾಂ ಅವುಗಳನ್ನು ಪಾಲಿಸಿತು.

ಹುಷಾರಾಗಿರಬೇಕಾದ ಜಾಗವೂ ಇದೆ. ಆರ್ಗ್‌ಪಾರ್ಸ್ ಅರ್ಧ ಬರೆದ ಹೆಸರನ್ನೂ ಒಪ್ಪುತ್ತದೆ. --ತಿಂ ಎಂದರೆ ತಿಂಗಳು ಎಂದು ತಿಳಿಯುತ್ತದೆ. ಚೆನ್ನಾಗಿದೆ ಅಲ್ವಾ? ಆದರೆ ನಾಳೆ ನಾನು 'ತಿಂಗಳುವಾರು' ಎಂಬ ಇನ್ನೊಂದು ಆಪ್ಷನ್ ಸೇರಿಸಿದರೆ --ತಿಂ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ನಿನ್ನೆವರೆಗೆ ನಡೆಯುತ್ತಿದ್ದದ್ದು ನಿಲ್ಲುತ್ತದೆ. ನಾನು ಈ ಸೌಲಭ್ಯವನ್ನು ತೆಗೆದುಹಾಕಿದ್ದೇನೆ. ಬೇರೆಯವರಿಗೆ ಕೊಡುವ ಪ್ರೋಗ್ರಾಂ ಆದರೆ ನೀವೂ ತೆಗೆಯಿರಿ.

ಒಂದು ದಿನ ತಂಗಿ ಕೀಬೋರ್ಡ್ ಕನ್ನಡದಲ್ಲೇ ಇಟ್ಟುಕೊಂಡು ತಿಂಗಳಿಗೆ ೭ ಎಂದು ಕೊಟ್ಟಳು. ಕೆಟ್ಟೇ ಹೋಗುತ್ತದೆ ಅಂದುಕೊಂಡಿದ್ದೆ. ಸರಿಯಾದ ಮೊತ್ತವೇ ಬಂತು! ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ೦ಯಿಂದ ೯ರವರೆಗೆ ಪ್ರತಿ ಕನ್ನಡ ಅಂಕಿಯ ಜೊತೆ ಅದರ ಬೆಲೆಯನ್ನೂ ದಾಖಲಿಸಿದ್ದಾರೆ. ಪೈಥಾನ್ ಅಕ್ಷರವನ್ನು ಸಂಖ್ಯೆ ಮಾಡುವಾಗ ಆ ಬೆಲೆಯನ್ನೇ ನೋಡುತ್ತದೆ. ೧೨.೫ ಎಂದು ಬರೆದರೂ ಹನ್ನೆರಡೂವರೆ ಎಂದೇ ಓದುತ್ತದೆ. ದೊಡ್ಡಪ್ಪನ ಪುಸ್ತಕದಲ್ಲಿರುವುದೆಲ್ಲ ಕನ್ನಡ ಅಂಕಿಗಳೇ. ಆವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒಂದೇ ಅಡ್ಡಗೆರೆಯ ಆಪ್ಷನ್‌ನಲ್ಲಿ ಮಾತ್ರ ಕನ್ನಡಕ್ಕೆ ತೊಡಕಿದೆ. ಗೆಟ್‌ಆಪ್ಟ್ ಕಾಲದಿಂದಲೂ ಅಲ್ಲಿ ಒಂದೇ ಅಕ್ಷರ ಎಂಬ ನಿಯಮ. ನಮಗೆ 'ತಿ' ಒಂದು ಅಕ್ಷರ. ಕಂಪ್ಯೂಟರ್‌ಗೆ ಅದು ಎರಡು, ತ ಮತ್ತು ಗುಡಿಸು. -ತ ಎಂಬ ಆಪ್ಷನ್ ಇಟ್ಟು ಯಾರಾದರೂ -ತಿ ಎಂದು ಟೈಪ್ ಮಾಡಿದರೆ, ಆರ್ಗ್‌ಪಾರ್ಸ್ ಆ ಗುಡಿಸನ್ನೇ ತಿಂಗಳ ಬೆಲೆ ಎಂದು ತಿಳಿದು, ಇದು ಸಂಖ್ಯೆಯಲ್ಲ ಎನ್ನುತ್ತದೆ. ಹಾಗಾಗಿ ಕನ್ನಡಕ್ಕೆ ಎರಡು ಅಡ್ಡಗೆರೆಯ ಪೂರ್ತಿ ಪದಗಳೇ ವಾಸಿ.

ಇದೇ ಗಂಟು ಉತ್ತರ ಅಚ್ಚು ಹಾಕುವಾಗಲೂ ಸಿಕ್ಕಿತು. ಪೈಥಾನ್ ಲೆಕ್ಕದಲ್ಲಿ 'ಪುನರ್ವಸು' 8 ಉದ್ದ, 'ಮಘ' 2. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ ಮತ್ತು ಎರಡು ಅಕ್ಷರ. ಹೆಸರು ಮೊದಲು, ಮಳೆ ಆಮೇಲೆ ಎಂದು ಜೋಡಿಸಿದರೆ ಸಂಖ್ಯೆಗಳ ಸಾಲು ಹಾವಿನ ಹಾಗೆ ಓಡುತ್ತಿತ್ತು. ಉದ್ದ ಎಣಿಸುವ ಬೇರೆ ಲೆಕ್ಕ ಹಾಕಿದೆ. ನನ್ನ ಟರ್ಮಿನಲ್‌ನಲ್ಲಿ ನೆಟ್ಟಗಾಯಿತು, ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಸೊಟ್ಟ. ಕನ್ನಡ ಅಕ್ಷರಕ್ಕೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಟರ್ಮಿನಲ್‌ಗಳು ಒಂದೊಂದು ರೀತಿ ತೀರ್ಮಾನಿಸುತ್ತವೆ.

ದೊಡ್ಡಪ್ಪ ತಮ್ಮ ಪುಸ್ತಕ ತೋರಿಸಿದರು. ಅವರು ಮೊದಲು ಅಂಕಿ ಬರೆಯುತ್ತಾರೆ. 'ರಾತ್ರಿಯಿಡೀ ಗಾಳಿ, ಕರೆಂಟ್ ಇಲ್ಲ' ಎಂಬ ಉದ್ದದ ಮಾತೆಲ್ಲ ಸಾಲಿನ ಕೊನೆಗೆ. ನಾನೂ ಮಿಲಿಮೀಟರನ್ನು ಎಡಕ್ಕೆ ತಂದು, ನಕ್ಷತ್ರದ ಹೆಸರನ್ನು ಕೊನೆಗೆ ಹಾಕಿದೆ. ಈಗ ಎರಡೂ ಕಡೆ ಸಾಲು ನೆಟ್ಟಗಿದೆ.