ಮೊದಲ ವರ್ಷಕ್ಕೆ ಹಾಸ್ಟೆಲ್ಲೋ ಪಿ.ಜಿ.ಯೋ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಮಗಳಿಗೆ ಮಂಗಳೂರಿನಲ್ಲಿ ಪದವಿಗೆ ಸೀಟು ಸಿಕ್ಕಿದೆ. ಕಾಲೇಜಿನದ್ದೇ ಹಾಸ್ಟೆಲ್ ಇದೆ, ಆದರೆ ಊಟ ಸರಿಯಿಲ್ಲ, ಕಟ್ಟುನಿಟ್ಟು ಜಾಸ್ತಿ ಎನ್ನುತ್ತಾರೆ. ಅವಳ ಗೆಳತಿಯರು ಸೇರಿ ಹೊರಗೆ ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ) ನೋಡಿದ್ದಾರೆ, ಇವಳನ್ನೂ ಕರೆಯುತ್ತಿದ್ದಾರೆ. ಎಲ್ಲಿಗೆ ಕಳುಹಿಸುವುದು?

ಉತ್ತರ: ಮೊದಲ ವರ್ಷ ಹಾಸ್ಟೆಲ್‌ಗೇ ಕಳುಹಿಸಿ. ಪಿ.ಜಿ. ಬೇಕೆನಿಸಿದರೆ ಎರಡನೇ ವರ್ಷ ಹೋಗಲಿ. ಹಾಸ್ಟೆಲ್ ಬಿಟ್ಟು ಪಿ.ಜಿ. ಸೇರುವುದು ಯಾವಾಗಲೂ ಸುಲಭ. ಪಿ.ಜಿ.ಯಲ್ಲಿದ್ದು ಬೇಸತ್ತು ಹಾಸ್ಟೆಲ್‌ಗೆ ಬರುತ್ತೇನೆಂದರೆ ಅಷ್ಟು ಹೊತ್ತಿಗೆ ಸೀಟುಗಳು ಹೊಸಬರ ಪಾಲಾಗಿರುತ್ತವೆ.

ನಮ್ಮ ಮಕ್ಕಳಿಗೆ ಮಂಗಳೂರು ಪರವೂರೇನಲ್ಲ. ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲ ಕಿವಿಯ ಮೇಲೆ ಬಿದ್ದುಕೊಂಡೇ ಬೆಳೆದವರು. ಅವರಿಗೆ ಕಷ್ಟವಾಗುವುದು ತರಗತಿಯೊಳಗೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟೂದಲ್ಲಿ ಇಂಗ್ಲಿಷಿಗೆ ಹೊರಳಿದ ಹುಡುಗಿಗೆ ಪದವಿ ಪಾಠದ ವೇಗ ಹಿಡಿಯಲು ಒಂದು ಸೆಮಿಸ್ಟರಾದರೂ ಬೇಕು. ಆ ಸಮಯದಲ್ಲಿ ರಾತ್ರಿ ಒಂಬತ್ತಕ್ಕೆ ಪಕ್ಕದ ಕೋಣೆಯ ಬಾಗಿಲು ತಟ್ಟಿ ‘ಅಕ್ಕಾ, ಇದೊಂದು ಲೆಕ್ಕ ಹೇಳಿಕೊಡಿ’ ಎಂದು ಕೇಳುವಷ್ಟು ಹತ್ತಿರ ಅದೇ ಕಾಲೇಜಿನ, ಅದೇ ವಿಷಯ ಓದಿದ ಹಿರಿಯ ವಿದ್ಯಾರ್ಥಿನಿ ಇರುವುದು ದೊಡ್ಡ ಆಸರೆ. ಯಾವ ಪುಸ್ತಕ ಸಾಕು, ಇಂಟರ್ನಲ್ ಅಂಕಕ್ಕೆ ಯಾವುದನ್ನು ತಪ್ಪಿಸಬಾರದು, ಲ್ಯಾಬ್ ರೆಕಾರ್ಡ್ ಹೇಗೆ ಬರೆಯಬೇಕು, ಇವೆಲ್ಲ ಹಾಸ್ಟೆಲಿನ ಊಟದ ಮೇಜಿನಲ್ಲೇ ಗೊತ್ತಾಗುತ್ತವೆ. ಪಿ.ಜಿ.ಯಲ್ಲಿ ಪಕ್ಕದ ಮಂಚದವರು ನರ್ಸಿಂಗ್ ಓದುವವರೋ, ಅಂಗಡಿಯಲ್ಲಿ ಕೆಲಸ ಮಾಡುವವರೋ ಆಗಿರಬಹುದು. ಒಳ್ಳೆಯವರೇ ಇರುತ್ತಾರೆ, ಆದರೆ ನಿಮ್ಮ ಮಗಳ ಪಾಠ ಅವರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತಲೂ ಮುಖ್ಯ. ಹದಿನೆಂಟರ ಹುಡುಗಿ ಜ್ವರ ಬಂದು ಎರಡು ದಿನ ಮಲಗಿದರೆ, ಮನಸ್ಸು ಕುಗ್ಗಿ ಊಟ ಬಿಟ್ಟರೆ, ಹಾಸ್ಟೆಲಿನಲ್ಲಿ ಯಾರಾದರೂ ಕೇಳುತ್ತಾರೆ. ಸಂಜೆ ಹಾಜರಿ ಇರುತ್ತದೆ, ವಾರ್ಡನ್ ಇರುತ್ತಾರೆ. ನೀವು ಕಟ್ಟುನಿಟ್ಟು ಎಂದು ಹೆದರುವುದರಲ್ಲಿ ಅರ್ಧಪಾಲು ಈ ಕಾಳಜಿಯೇ. ಉಳಿದರ್ಧ ಕಿರಿಕಿರಿ ನಿಜ: ಗೇಟಿನ ಹೊತ್ತು, ಊರಿಗೆ ಬರಲು ಅನುಮತಿ ಪತ್ರ, ಫೋನಿನ ನಿಯಮ. ಆ ನಿಯಮಗಳ ಹಾಳೆಯನ್ನು ಸೇರುವ ಮೊದಲೇ ಕೇಳಿ ಪಡೆದು ಮಗಳ ಕೈಗೆ ಕೊಡಿ, ಅವಳೇ ಓದಲಿ.

ರ‍್ಯಾಗಿಂಗ್ ಭಯದಿಂದ ಪಿ.ಜಿ. ಹುಡುಕುವ ತಂದೆತಾಯಿಯರು ತುಂಬ ಮಂದಿ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2009ರ ರ‍್ಯಾಗಿಂಗ್ ತಡೆ ನಿಯಮಾವಳಿ ಪ್ರಕಾರ ಹೊಸ ವಿದ್ಯಾರ್ಥಿಗಳನ್ನು ಸಾಧ್ಯವಾದಷ್ಟು ಹಾಸ್ಟೆಲಿನ ಬೇರೆಯೇ ವಿಭಾಗದಲ್ಲಿ ಇರಿಸಬೇಕು. ಅದೇ ನಿಯಮ ಕ್ಯಾಂಪಸ್ಸಿನ ಹೊರಗಿನ ವಸತಿಗೂ, ವಿದ್ಯಾರ್ಥಿಗಳು ಓಡಾಡುವ ವಾಹನಕ್ಕೂ ಅನ್ವಯಿಸುತ್ತದೆ. ಅಂದರೆ ಪಿ.ಜಿ.ಯಲ್ಲಿ ಆದದ್ದಕ್ಕೆ ಕಾಲೇಜು ಕೈತೊಳೆದುಕೊಳ್ಳುವಂತಿಲ್ಲ. ಹೊಸ ವಿದ್ಯಾರ್ಥಿಗಳ ವಿಭಾಗ ಬೇರೆ ಇದೆಯೇ ಎಂದು ನೇರವಾಗಿ ಕೇಳಿ. 1800-180-5522 ಎಂಬ ಸಹಾಯವಾಣಿ ಸಂಖ್ಯೆಯನ್ನು ಮಗಳ ಫೋನಿನಲ್ಲಿ ಹಾಕಿಡಿ.

ಊಟದ ದೂರು ಎಲ್ಲ ಕಡೆಯೂ ಇದ್ದದ್ದೇ. ಮನೆಯ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಸಾರು ಉಂಡು ಬೆಳೆದವರಿಗೆ ಯಾವ ಮೆಸ್ಸೂ ಹಿಡಿಸುವುದಿಲ್ಲ. ಪಿ.ಜಿ.ಯಲ್ಲಾದರೂ ಅಡುಗೆ ಮಾಡುವವರು ಸಂಬಳಕ್ಕೆ ಬಂದವರೇ. ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಡಿ, ಸಾಕು.

ದುಡ್ಡಿನ ಲೆಕ್ಕವನ್ನು ತಿಂಗಳಿಗೆ ಹಾಕಬೇಡಿ, ವರ್ಷಕ್ಕೆ ಹಾಕಿ. ಹಾಸ್ಟೆಲಿನಲ್ಲಿ ಸಾಮಾನ್ಯವಾಗಿ ಓದಿನ ವರ್ಷಕ್ಕೆ ಇಷ್ಟು ಎಂದಿರುತ್ತದೆ. ಪಿ.ಜಿ.ಯಲ್ಲಿ ರಜೆಯಲ್ಲಿ ಮಗಳು ಮನೆಯಲ್ಲಿದ್ದರೂ ಜಾಗ ಉಳಿಸಿಕೊಳ್ಳಲು ಬಾಡಿಗೆ ಕಟ್ಟಬೇಕಾಗಬಹುದು. ಕರೆಂಟು, ಭಾನುವಾರದ ಊಟ, ಕಾಲೇಜಿಗೆ ಬಸ್ಸು ಬೇರೆ. ಯಾರಾದರೂ ಜಿಎಸ್‌ಟಿ ಎಂದು ಮೇಲೆ ಸೇರಿಸಿದರೆ ಕೇಳಿ: 2024ರ ಜುಲೈಯಿಂದ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದೆ, ಸತತ 90 ದಿನವಾದರೂ ಉಳಿಯುವ ವಸತಿಗೆ ಅದರಿಂದ ವಿನಾಯಿತಿ ಇದೆ. ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕೆ ಅರ್ಹತೆಯಿದ್ದರೆ ಹಾಸ್ಟೆಲ್ ವಾಸಿಗಳಿಗೆ ದಿನಾ ಹೋಗಿಬರುವವರಿಗಿಂತ ಹೆಚ್ಚು ಮೊತ್ತ ಸಿಗುತ್ತದೆ. ಕರ್ನಾಟಕದ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ನೆಚ್ಚಿಕೊಂಡು ಕಾಲೇಜು ಹಾಸ್ಟೆಲಿನ ಅರ್ಜಿ ಬಿಡಬೇಡಿ. ನಮ್ಮ ಜಾತಿ, ಆದಾಯ ಪ್ರಮಾಣಪತ್ರಗಳು ಕೇರಳದ್ದು.

ಮಂಗಳೂರಿಗೆ ಹತ್ತಿರದ ಮಂಜೇಶ್ವರ, ಉಪ್ಪಳದವರು ಈ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಬೇರೆಯೇ. ಅವರು ಮನೆಯಿಂದಲೇ ಹೋಗಿಬರಲಿ. ದೇರಳಕಟ್ಟೆಯ ಕಾಲೇಜಾದರೆ ತೊಕ್ಕೊಟ್ಟಿನಲ್ಲೇ ಇಳಿದು ಬಸ್ಸು ಬದಲಿಸಬಹುದು, ಪೇಟೆಯವರೆಗೆ ಹೋಗುವ ಕೆಲಸವಿಲ್ಲ. ರೈಲಿನಲ್ಲಾದರೆ ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೆ ಎರಡನೇ ದರ್ಜೆಯ ತಿಂಗಳ ಸೀಸನ್ ಟಿಕೆಟ್ ಉಚಿತ. ಹುಡುಗರಿಗೆ ಆ ಸೌಲಭ್ಯ ಹನ್ನೆರಡನೇ ತರಗತಿಯವರೆಗೆ ಮಾತ್ರ. ಬದಿಯಡ್ಕದಿಂದ ಹಾಗಲ್ಲ. ಕುಂಬಳೆಗೆ ಬಸ್ಸು, ಅಲ್ಲಿಂದ ರೈಲು, ಮಂಗಳೂರು ಸೆಂಟ್ರಲ್‌ನಿಂದ ಮತ್ತೆ ಬಸ್ಸು. ಜೂನ್, ಜುಲೈ ಮಳೆಯಲ್ಲಿ ಒದ್ದೆಯಾಗಿ ಮನೆ ಮುಟ್ಟಿದವಳಿಗೆ ಪುಸ್ತಕ ತೆರೆಯಲು ಕಣ್ಣಿರುವುದಿಲ್ಲ. ಪೆರ್ಲ ಕಡೆಯವರು ಪುತ್ತೂರಿನ ಕಾಲೇಜನ್ನೂ ಯೋಚಿಸಬಹುದು.

ಇಷ್ಟಾಗಿಯೂ ಹಾಸ್ಟೆಲ್ ಸೀಟು ಸಿಗದೇ ಹೋಗಬಹುದು. ಆಗ ಪಿ.ಜಿ.ಯನ್ನು ಹಗಲು ಒಮ್ಮೆ ನೋಡಿ, ಕತ್ತಲಾದ ಮೇಲೆ ಇನ್ನೊಮ್ಮೆ ನೋಡಿ. ಬಸ್‌ಸ್ಟಾಪಿನಿಂದ ಬಾಗಿಲವರೆಗೆ ನಡೆದೇ ಹೋಗಿ. ಯಜಮಾನರು ಅಲ್ಲೇ ಇರುತ್ತಾರೋ, ಫೋನಿನಲ್ಲಷ್ಟೇ ಸಿಗುತ್ತಾರೋ ತಿಳಿದುಕೊಳ್ಳಿ. ಈಗ ಇರುವ ಹುಡುಗಿಯರನ್ನು ಯಜಮಾನರಿಲ್ಲದಾಗ ಮಾತಾಡಿಸಿ, ನೀರು ಎಷ್ಟು ಹೊತ್ತು ಬರುತ್ತದೆ, ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಕೇಳಿ. ಮುಂಗಡಕ್ಕೆ ರಸೀದಿ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಮುಂಗಡದಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ, ಇಷ್ಟನ್ನು ಬರೆದುಕೊಡದ ಕಡೆ ಹಣ ಕೊಡಬೇಡಿ, ಗೆಳತಿಯರು ಆಗಲೇ ಕೊಟ್ಟಾಗಿದ್ದರೂ.