ಟೌ ಸೇನೆಯ ಮೊದಲ ದಿನಗಳು: ಅಂಕಿಗಳಿಂದ ಹುಟ್ಟಿದ ಹೆಸರು

ಮೇಜಿನ ಮೇಲೆ ಪುಟ್ಟ ಗೊಂಬೆ ಸೈನಿಕರನ್ನಿಟ್ಟು ದಾಳ ಉರುಳಿಸಿ ಆಡುವ ಯುದ್ಧದಾಟ ವಾರ್‌ಹ್ಯಾಮರ್ 40,000. ಅದಕ್ಕೆ ಟೌ ಸೇನೆ ಬಂದದ್ದು 2001ರಲ್ಲಿ, ಮೂರನೇ ಆವೃತ್ತಿಯ ನಿಯಮಗಳು ಚಾಲ್ತಿಯಲ್ಲಿದ್ದಾಗ. ಆ ಆಟದ ಲೋಕವೇ ಕತ್ತಲೆಯದು. ಅಂಥಲ್ಲಿಗೆ ಹೊಸ ಹುಮ್ಮಸ್ಸಿನ, ಯಂತ್ರವಿದ್ಯೆ ಬಲ್ಲ ಜನಾಂಗವೊಂದು ಬಂತು. 'ಎಲ್ಲರ ಹಿತ' ಅದರ ಮಂತ್ರ. ಅನ್ಯಗ್ರಹದ ಬೇರೆ ಜೀವಿಗಳನ್ನೂ ಜೊತೆಗೆ ಸೇರಿಸಿಕೊಳ್ಳುತ್ತದೆ. ಯುದ್ಧಕವಚಗಳೋ ಜಪಾನಿನ ಅನಿಮೆಯ ರೋಬೋಟುಗಳ ಹಾಗೆ ಕಾಣುತ್ತವೆ. 'ಇವರು ಈ ಲೋಕದವರಲ್ಲ' ಎಂದು ಹಳೆಯ ಆಟಗಾರರಲ್ಲಿ ಹಲವರು ಮುಖ ತಿರುಗಿಸಿದರು. ನನಗೆ ಮಾತ್ರ ಆ ಬೆಳಕೇ ಇಷ್ಟ. ಸುತ್ತಲಿನ ಕತ್ತಲು ಎಷ್ಟು ದಟ್ಟ ಎನ್ನುವುದು ಅದರಿಂದಲೇ ಕಾಣುತ್ತದೆ.

ಟೌಗೆ ಅಂಟಿದ ಇನ್ನೊಂದು ಹೆಸರೂ ಇದೆ: ದೂರ ನಿಂತು ಹೊಡೆಯುವವರು, ಕೈಗೆ ಸಿಕ್ಕರೆ ಮುಗಿದರು. ಇದು ಬರೀ ಮಾತಲ್ಲ, ಅಂಕಿಗಳಲ್ಲೇ ಇದೆ. ಆಗಿನ ನಿಯಮಗಳಂತೆ ದಾಳ ಹಿಡಿದು ಲೆಕ್ಕ ಹಾಕೋಣ.

ಟೌ ಪಡೆಯ ಸಾಮಾನ್ಯ ಸೈನಿಕ ಫೈರ್ ವಾರಿಯರ್. ಗುರಿಯ ಅಂಕಿ 3, ಅಂದರೆ ದಾಳದಲ್ಲಿ 4 ಅಥವಾ ಮೇಲೆ ಬಿದ್ದರೆ ಗುಂಡು ತಾಗಿತು. ಮನುಷ್ಯ ಸೈನಿಕನಿಗೂ ಅಷ್ಟೇ ಗುರಿ, ಇದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಹೆಚ್ಚುಗಾರಿಕೆ ಇರುವುದು ಕೈಯಲ್ಲಿರುವ ಪಲ್ಸ್ ರೈಫಲ್‌ನಲ್ಲಿ: ದೂರ 30 ಇಂಚು, ಬಲ 5. ಮನುಷ್ಯರ ಮಹಾಯೋಧ ಸ್ಪೇಸ್ ಮರೀನ್‌ನ ಬಂದೂಕು ಬೋಲ್ಟರ್ 24 ಇಂಚು, ಬಲ 4.

ಹನ್ನೆರಡು ಜನ 28 ಇಂಚು ದೂರದ ಮರೀನ್ ತಂಡಕ್ಕೆ ಗುಂಡು ಹಾರಿಸಿದರು ಅಂದುಕೊಳ್ಳಿ. 12 ದಾಳ, ಸರಾಸರಿ 6 ತಾಗುತ್ತವೆ. ಬಲ 5, ಎದುರಾಳಿಯ ತಾಳಿಕೆ 4, ಹಾಗಾಗಿ 3 ಅಥವಾ ಮೇಲೆ ಬಿದ್ದರೆ ಗಾಯ: 4 ಗಾಯ. ಮರೀನ್ ಕವಚ 3+ ಸೇವ್ ಕೊಡುತ್ತದೆ, ಅಂದರೆ ದಾಳದಲ್ಲಿ 3 ಅಥವಾ ಮೇಲೆ ಬಿದ್ದರೆ ಆ ಗಾಯ ಲೆಕ್ಕಕ್ಕಿಲ್ಲ. ಹಾಗಾಗಿ ಸಾಯುವವನು ಸಾಮಾನ್ಯವಾಗಿ ಒಬ್ಬ, ಕೆಲವೊಮ್ಮೆ ಇಬ್ಬರು. ಅದೇ ಗುಂಡುಗಳು ಆರ್ಕ್ ಎಂಬ ಇನ್ನೊಂದು ಜನಾಂಗದ ಗುಂಪಿಗೆ ಬಿದ್ದರೆ? ತಾಳಿಕೆ ಅಷ್ಟೇ, ಆದರೆ ಅವರ ತೆಳು ಕವಚವನ್ನು ಈ ಗುಂಡು ಲೆಕ್ಕಕ್ಕೇ ಇಡುವುದಿಲ್ಲ. ನಾಲ್ಕಕ್ಕೆ ನಾಲ್ಕೂ ಸಾವು. 24ರಿಂದ 30ರ ನಡುವೆ, ಎದುರಾಳಿ ಬೋಲ್ಟರ್‌ನಿಂದ ಉತ್ತರ ಕೊಡಲೂ ಆಗದ ಆ ಆರು ಇಂಚಿನಲ್ಲೇ ಟೌ ಆಟದ ಜೀವ ಇದೆ.

ಈಗ ಅದೇ ಮರೀನ್‌ಗಳು ಮೈಮೇಲೆ ಬಂದರು ಅನ್ನಿ. ಕೈಕೈ ಕಾದಾಟದ ಕೌಶಲ ಫೈರ್ ವಾರಿಯರ್‌ಗೆ 2, ಚುರುಕುತನವೂ 2. ಮರೀನ್‌ಗೆ ಎರಡೂ 4. ಹಾಗಾಗಿ ಮೊದಲ ಏಟು ಅವನದು, ಅದೂ 3+ಗೇ ತಾಗುತ್ತದೆ. ಸೋತ ಟೌ ತಂಡ ಧೈರ್ಯದ ಪರೀಕ್ಷೆಗೆ ನಿಲ್ಲಬೇಕು. ಎರಡು ದಾಳ ಸೇರಿ 7 ದಾಟಿದರೆ ಓಟ.

ಈ ಕೊರತೆ ತುಂಬಲು ಕ್ರೂಟ್ ಕೂಲಿಪಡೆ ಇತ್ತು: ಕಾದಾಟದ ಕೌಶಲ 4, ಬಲ 4, ಆದರೆ ಮೈಮೇಲೆ ಕವಚ ಇಲ್ಲವೇ ಇಲ್ಲ. ಇನ್ನು ಈಥೀರಿಯಲ್ ಎಂಬ ಗುರು ಸತ್ತರೆ ಇಡೀ ಟೌ ಪಡೆ ಧೈರ್ಯದ ಪರೀಕ್ಷೆಗೆ ಒಳಗಾಗಬೇಕಿತ್ತು. ಹಾಗಾಗಿ ಅನೇಕರು ಅವನನ್ನು ಕಣಕ್ಕೆ ಇಳಿಸುತ್ತಲೇ ಇರಲಿಲ್ಲ.

ಎದುರಾಳಿಗಳಿಗೆ ಸಿಟ್ಟು ತರಿಸಿದ್ದು ಕ್ರೈಸಿಸ್ ಎಂಬ ಹಾರುವ ಯುದ್ಧಕವಚಗಳು. ಮರೆಯಿಂದ 6 ಇಂಚು ಹಾರಿ ಬಂದು ಗುಂಡು ಹಾರಿಸಿ, ಕಾದಾಟದ ಹಂತದಲ್ಲಿ ಮತ್ತೆ 6 ಇಂಚು ಹಾರಿ ಮರೆಗೆ ಸೇರುತ್ತಿದ್ದವು. ನಿಮ್ಮ ಸರದಿ ಬರುವ ಹೊತ್ತಿಗೆ ಗುರಿಯಿಡಲು ಅಲ್ಲಿ ಯಾರೂ ಇರುತ್ತಿರಲಿಲ್ಲ. 'ಹೇಡಿಗಳು' ಎಂಬ ಬೈಗುಳಕ್ಕೆ ಇದೇ ಮೂಲ. ನಾನು ಅದನ್ನು ಒಪ್ಪುವುದಿಲ್ಲ. ಹಾರುವ ಅಂತರವನ್ನು ಅರ್ಧ ಇಂಚು ತಪ್ಪಾಗಿ ಅಂದಾಜಿಸಿದರೂ ದುಬಾರಿ ತಂಡವೊಂದು ಬಯಲಲ್ಲಿ ನಿಲ್ಲುತ್ತಿತ್ತು.

2004ರ ನಾಲ್ಕನೇ ಆವೃತ್ತಿಯಲ್ಲಿ ಇದಕ್ಕೆ 'ಫಿಶ್ ಆಫ್ ಫ್ಯೂರಿ' ಎಂಬ ತಂತ್ರವೂ ಸೇರಿತು. ಮೂರನೇ ಆವೃತ್ತಿಯಲ್ಲಿ ಚಲಿಸಿದ ಸೈನಿಕ ರೈಫಲ್‌ನಿಂದ 12 ಇಂಚಿನೊಳಗೆ ಒಂದೇ ಗುಂಡು ಹಾರಿಸಬಹುದಿತ್ತು, ನಾಲ್ಕನೆಯದರಲ್ಲಿ ಎರಡು. ಡೆವಿಲ್‌ಫಿಶ್ ಎಂಬ, ನೆಲದಿಂದ ಮೇಲೆ ತೇಲುವ ಸೈನಿಕ ವಾಹನಗಳು ಮುಂದೆ ನುಗ್ಗುತ್ತವೆ, ಹಿಂಬದಿಯಿಂದ ಇಳಿದ ಹನ್ನೆರಡು ಜನ ವಾಹನದ ಅಡಿಯಿಂದಲೇ ಹೊಡೆಯುತ್ತಾರೆ. ತೇಲುವ ವಾಹನ ನೋಟಕ್ಕೆ ಅಡ್ಡಿಯಲ್ಲ ಎಂಬುದು ಆಗಿನ ನಿಯಮ. ಆದರೆ ಮೈಮೇಲೆ ಬೀಳಲು ಬರುವವರಿಗೆ ಅದೇ ವಾಹನ ಗೋಡೆ, ಸುತ್ತಿ ಬರುವಷ್ಟರಲ್ಲಿ ಅವರ ಆರು ಇಂಚು ಮುಗಿದಿರುತ್ತದೆ. ತಪ್ಪು ಟೌ ಸೇನೆಯ ನಿಯಮಪುಸ್ತಕದ್ದಲ್ಲ, ಬದಲಾದದ್ದು ಮೂಲ ನಿಯಮ. ಕೆಟ್ಟ ಹೆಸರು ಮಾತ್ರ ಸೇನೆಗೆ ಬಂತು.

2008ರ ಐದನೇ ಆವೃತ್ತಿಯಲ್ಲಿ ಗೊಂಬೆಯ ಕಣ್ಣಿಗೆ ನಿಜವಾಗಿ ಏನು ಕಾಣುತ್ತದೋ ಅದೇ ನೋಟ ಎಂದಾಯಿತು. ಅಡ್ಡ ನಿಂತ ಡೆವಿಲ್‌ಫಿಶ್ ಎದುರಾಳಿಗೂ ಮರೆ ಕೊಡತೊಡಗಿತು.